ಹೆಸರಿಲ್ಲದ ಎಡಗೈ

ಕಳೆದ ಚಳಿಗಾಲದ ಒಂದು ಶನಿವಾರ ನಾವು ನಾಲ್ವರು ಗೆಳೆಯರು ಬಾಗಲಕೋಟೆಯ ನವನಗರದಲ್ಲಿ ಇಳಕಲ್ಲಿನ ಬಸ್ಸು ಹತ್ತಿದೆವು. ಇಳಕಲ್ಲಿನ ನೇಕಾರರ ಓಣಿಯೊಂದರಲ್ಲಿ ಭಜನಾ ಮಂಡಳಿಯವರು ತತ್ವಪದಗಳ ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ, ತಬಲಾಕ್ಕೆ ಹಿರಿಯರೊಬ್ಬರು ಕೂಡುತ್ತಾರೆ ಎಂದು ಅಲ್ಲಿಯ ಪರಿಚಯದವರು ಫೋನು ಮಾಡಿದ್ದರು. ಯಾರು ಹಾಡುತ್ತಾರೆ ಎಂದು ಕೇಳಿದೆವು. ‘ಹಾಡೋರು ಯಾರಾದ್ರೂ ಇರ್ತಾರ್ರೀ, ನೀವು ತಬಲಾ ಕೇಳಾಕ ಬರ್ರಿ’ ಎಂದರು. ಹಾಡುವವರ ಹೆಸರು ಹೇಳದೆ ಸಾಥಿಯವರ ಹೆಸರಿನಲ್ಲಿ ನಮ್ಮನ್ನು ಕರೆದದ್ದು ಅದೇ ಮೊದಲು.

ಆ ದಾರಿ ನಾಟಕದವರ ದಾರಿ. ಕಮತಗಿ ಬಂತೆಂದರೆ ಹುಚ್ಚೇಶ್ವರ ನಾಟ್ಯ ಸಂಘದ ನೆನಪಾಗುತ್ತದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಎಲ್ಲರೂ ಕರದಂಟು ಕೊಳ್ಳುತ್ತಾರೆ, ಆದರೆ ಅಲ್ಲಿಂದ ಹತ್ತಿರದ ಸೂಳೇಬಾವಿಯವರೇ ‘ಸಂಪತ್ತಿಗೆ ಸವಾಲ್’ ಬರೆದ ಪಿ.ಬಿ. ಧುತ್ತರಗಿ ಎಂಬುದು ಎಷ್ಟು ಜನರಿಗೆ ನೆನಪಿದೆಯೋ. ಆ ನಾಟಕ 1974ರಲ್ಲಿ ಸಿನಿಮಾ ಆಗಿ ಇಡೀ ಕರ್ನಾಟಕ ನೋಡಿತು. ‘ರಕ್ತರಾತ್ರಿ’ ಬರೆದ ಕಂದಗಲ್ಲ ಹನುಮಂತರಾಯರ ಕಂದಗಲ್ಲೂ ಹಳೆಯ ಹುನಗುಂದ ತಾಲೂಕಿನದೇ. ಬರೆದವರ ಹೆಸರು ಉಳಿದಿದೆ, ಕುಣಿದು ಹಾಡಿದವರದೂ ಒಂದಿಷ್ಟು ಉಳಿದಿದೆ. ರಂಗದ ಮುಂದಿನ ತಗ್ಗಿನಲ್ಲಿ ಕುಳಿತು ರಾತ್ರಿಯೆಲ್ಲ ನುಡಿಸಿದವರದು?

ಕಾರ್ಯಕ್ರಮದ ಜಾಗ ಒಂದು ಮಹಡಿಯ ಕೋಣೆ. ಕೆಳಗೆ ಮಗ್ಗಗಳು, ಮೇಲೆ ಜಮಖಾನೆ ಹಾಸಿದ ನೆಲ. ನಲವತ್ತು ಜನ ಕೂತರೆ ತುಂಬುವ ಜಾಗ. ಮೈಕು ಒಂದೇ, ಅದು ಹಾಡುವವರ ಮುಂದೆ. ಎಡಗಡೆ ಗೋಡೆಗೆ ಒರಗಿ ಬಿಳಿ ಟೋಪಿಯ, ಸಣ್ಣ ಗಡ್ಡದ ಅಜ್ಜ ಕುಳಿತಿದ್ದರು. ವಯಸ್ಸು ಎಪ್ಪತ್ತಾರು ಎಂದು ಆಮೇಲೆ ಗೊತ್ತಾಯಿತು. ತಬಲಾದ ಜೋಡಿಯನ್ನು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿ ತಂದಿದ್ದರು. ಗಂಟು ಬಿಚ್ಚಿ, ಸುತ್ತಿಗೆಯಿಂದ ಗಟ್ಟಿಗಳನ್ನು ಒಂದೊಂದಾಗಿ ತಟ್ಟಿ, ಕಿವಿ ಬಾಗಿಸಿ ಶ್ರುತಿ ಹಿಡಿದರು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಬೇಡಿ ಎಂದು ಅವರೇ ಹೇಳಿದರು. ಏಕೆ ಎಂಬುದನ್ನು ಮುಂದೆ ಹೇಳುತ್ತೇವೆ.

ಹಾಡುವ ಹುಡುಗ ಹೊಸಬ. ದನಿ ಚೆನ್ನಾಗಿತ್ತು, ಆದರೆ ಲಯದಲ್ಲಿ ಧೈರ್ಯವಿರಲಿಲ್ಲ. ಎರಡನೆಯ ಪದದಲ್ಲಿ ಚರಣ ಮುಗಿಸಿ ಪಲ್ಲವಿಗೆ ಬರುವಾಗ ಅರ್ಧ ಮಾತ್ರೆ ಮೊದಲೇ ಬಂದುಬಿಟ್ಟ. ಬೇರೆ ಯಾರಾದರೂ ಆಗಿದ್ದರೆ ಸಮ್ಮಿನ ಮೇಲೆ ಜೋರಾಗಿ ಬಾರಿಸಿ ತಪ್ಪು ಯಾರದೆಂದು ಸಭೆಗೆ ತೋರಿಸುತ್ತಿದ್ದರು. ಅಜ್ಜ ಬಲಗೈಯನ್ನು ಸುಮ್ಮನಾಗಿಸಿ, ಎಡಗೈಯಿಂದ ಡಗ್ಗಾದ ಮೇಲೆ ಒಂದು ಗುಮುಕಿಯನ್ನು ಉದ್ದಕ್ಕೆ ಎಳೆದರು. ಆ ದಪ್ಪ ನಾದದಲ್ಲಿ ತಪ್ಪು ಮುಚ್ಚಿಹೋಯಿತು, ಹುಡುಗನಿಗೆ ಕಾಲೂರಲು ನೆಲ ಸಿಕ್ಕಿತು. ಮುಂದಿನ ಆವರ್ತನೆಯಲ್ಲಿ ಅವನು ಸರಿಯಾದ ಜಾಗದಲ್ಲಿದ್ದ. ಸಭೆಯಲ್ಲಿ ಯಾರಿಗೂ ಏನೂ ಆದಂತೆ ಅನಿಸಲಿಲ್ಲ. ಹುಡುಗ ಮಾತ್ರ ಒಮ್ಮೆ ಎಡಕ್ಕೆ ತಿರುಗಿ ನೋಡಿದ. ಅಜ್ಜ ಅವನ ಕಡೆ ನೋಡಲಿಲ್ಲ.

ತಬಲಾ ಎಂದರೆ ನಾವು ಬಲಗೈಯ ಚುರುಕು ಬೆರಳುಗಳನ್ನು ನೋಡುತ್ತೇವೆ. ಚಪ್ಪಾಳೆ ಬೀಳುವುದೂ ಅದಕ್ಕೇ. ಎಡಗೈಯ ಡಗ್ಗಾ ಮಂದ್ರದ ವಾದ್ಯ. ಅಂಗೈಯ ಬುಡವನ್ನು ಚರ್ಮದ ಮೇಲೆ ಒತ್ತಿ ಜಾರಿಸಿದಾಗ ಅದರ ನಾದ ಏರುತ್ತದೆ, ಇಳಿಯುತ್ತದೆ. ಕೆಹರವಾದ ಎಂಟು ಮಾತ್ರೆಗಳಲ್ಲಿ ಅದು ಬಾಯಿ ಬಿಡುವುದು ಕೆಲವೇ ಕಡೆ, ಆದರೆ ಹಾಡು ನಿಂತಿರುವುದು ಅದರ ಮೇಲೆ. ಪಾಶ್ಚಾತ್ಯರ ವಾದ್ಯಮೇಳದಲ್ಲಿ ಬೇಸ್ ಗಿಟಾರು ಮಾಡುವ ಕೆಲಸವನ್ನು ನಮ್ಮಲ್ಲಿ ಬಹುಮಟ್ಟಿಗೆ ಈ ಎಡಗೈ ಮಾಡುತ್ತದೆ. ಇದ್ದಾಗ ಕೇಳಿಸದು, ನಿಂತಾಗ ಮಾತ್ರ ಏನೋ ಕಳೆದುಹೋಯಿತು ಎನಿಸುತ್ತದೆ.

ಈ ಕೈಯನ್ನು ನಾವು ಮೊದಲೂ ಕೇಳಿದ್ದೆವೇ? ಚಿಕ್ಕವರಿದ್ದಾಗ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗುತ್ತಿದ್ದೆವು. ತಿಂಗಳುಗಟ್ಟಲೆ ನಾಟಕ ಕಂಪನಿಗಳು ಅಲ್ಲಿ ಟೆಂಟು ಹಾಕುತ್ತಿದ್ದವು, ಈಗಲೂ ಹಾಕುತ್ತವೆ. ನಮ್ಮದು ನೆಲದ ಟಿಕೆಟ್ಟು. ವಾದ್ಯದವರ ಬೆನ್ನಿಗೆ ಹತ್ತಿಕೊಂಡೇ ಕೂಡುತ್ತಿದ್ದೆವು. ಕಾಲಪೇಟಿಯ ಮಾಸ್ತರರು, ಪಕ್ಕದಲ್ಲಿ ತಬಲಾ, ಆಚೆ ಕ್ಲಾರಿಯೋನೆಟ್. ಹಾಸ್ಯದವನು ಬಿದ್ದರೆ ತಬಲಾ, ಖಳನಾಯಕ ಬಂದರೆ ತಬಲಾ, ತಾಯಿ ಅತ್ತರೆ ಡಗ್ಗಾದ ಒಂದು ನರಳು. ಮೂರು ಗಜ ದೂರದಲ್ಲಿ ಕುಳಿತಿದ್ದವರ ಮುಖವನ್ನು ನಾವು ಒಮ್ಮೆಯೂ ನೋಡಿರಲಿಲ್ಲ. ನಮ್ಮ ಕಣ್ಣು ಪರದೆಯ ಮೇಲಿತ್ತು. ಮನೆಯಲ್ಲೂ ಅಷ್ಟೆ. ಫಜ್ರ್ ನಮಾಝ್ ಮುಗಿಸಿ ಬಂದ ಮೇಲೆ ನಮ್ಮಲ್ಲೊಬ್ಬರ ತಂದೆ ಶಿಶುನಾಳ ಶರೀಫರ ಪದಗಳ ಕ್ಯಾಸೆಟ್ಟು ಹಾಕುತ್ತಿದ್ದರು. ಹಾಡಿದವರ ಚಿತ್ರ ಹೊದಿಕೆಯ ಮೇಲಿತ್ತು. ನುಡಿಸಿದವರ ಹೆಸರೂ ಇರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಚಹಾ ಕುಡಿಯುತ್ತ ಅಜ್ಜನನ್ನು ಮಾತಾಡಿಸಿದೆವು. ಹದಿನಾಲ್ಕನೆಯ ವಯಸ್ಸಿಗೆ ಕಂಪನಿ ಸೇರಿದ್ದರು. ಮೊದಲ ಎರಡು ವರ್ಷ ಚಹಾ ತರುವುದು, ಚಾಪೆ ಹಾಸುವುದು, ಮಾಸ್ತರರ ಕೈ ನೋಡುವುದು. ಸುಮಾರು ಮೂವತ್ತು ವರ್ಷ ಊರೂರು ತಿರುಗಿದರು. ಕ್ಯಾಸೆಟ್ಟಿನ ಕಾಲ ಬಂದಾಗ ಹಗಲು ಸ್ಟುಡಿಯೋ, ರಾತ್ರಿ ನಾಟಕ. ‘ಎಂಟು ಪದ, ಒಂದು ದಿವಸ. ಎಲ್ಲಾರೂ ಕೂಡೇ ನುಡಿಸಬೇಕ್ರಿ. ಒಬ್ಬ ತಪ್ಪಿದ್ರ ಎಲ್ಲಾರೂ ಮತ್ತ ಮೊದಲಿಂದ. ಅದಕ್ಕ ತಪ್ಪದವರನ್ನ ಕರೀತಿದ್ರು’ ಎಂದರು. ಇದರಲ್ಲಿ ಹೆಮ್ಮೆಗಿಂತ ಲೆಕ್ಕವೇ ಹೆಚ್ಚಿತ್ತು. ಎಷ್ಟು ಕ್ಯಾಸೆಟ್ಟುಗಳಿಗೆ ನುಡಿಸಿದ್ದೀರಿ ಎಂದರೆ ‘ಯಾಂವ ಎಣಿಸ್ಯಾನ?’ ಎಂದು ನಕ್ಕರು. ಕಂಪನಿಯಲ್ಲಿದ್ದಾಗ ಕುಡಿತವೂ ಅಂಟಿತ್ತಂತೆ. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಆರಂಭಿಸಿದ ‘ಮಹಾಂತ ಜೋಳಿಗೆ’ಯನ್ನು ನೆನೆದರು. ದುಶ್ಚಟಗಳನ್ನೇ ಭಿಕ್ಷೆ ಬೇಡುತ್ತಿದ್ದ ಜೋಳಿಗೆ ಅದು. ‘ಬಿಡಬೇಕು ಅಂತ ಮಸೀದ್ಯಾಗೂ ಹೇಳತಿದ್ರು. ಓಣಿಗೆ ಜೋಳಿಗಿ ಬಂತು. ಎರಡೂ ಕಡೆ ನಾಚಿಕಿ ಆತು, ಬಿಟ್ಟೆ’ ಎಂದರು.

ಮಾತು ನಡೆದಿರುವಾಗಲೇ ಇಶಾ ನಮಾಝ್ ಮುಗಿಸಿ ಅವರ ಮಗ ಬಂದ. ಬೈಕಿನಲ್ಲಿ ತಂದೆಯನ್ನು ಕರೆತಂದವನೂ ಅವನೇ. ಕಾರ್ಯಕ್ರಮದ ಹೊತ್ತಿನಲ್ಲಿ ಮಹಡಿ ಹತ್ತಿರಲಿಲ್ಲ. ಅವನಿಗೆ ಸಂಗೀತ ಒಪ್ಪಿಗೆಯಿಲ್ಲ. ತಂದೆ ಈ ವಯಸ್ಸಿನಲ್ಲಾದರೂ ಬಿಡಬೇಕು ಎಂಬುದು ಅವನ ಆಸೆ. ಅದನ್ನು ನಮ್ಮೆದುರು ಗಟ್ಟಿಯಾಗಿ ಹೇಳಲಿಲ್ಲ, ತಂದೆಯೇ ಹೇಳಿದರು. ಮುಸ್ಲಿಮ್ ಓದುಗರಿಗೆ ಈ ಮಾತು ಹೊಸದಲ್ಲ. ಸಂಗೀತದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಬಹಳ ಹಳೆಯದು. ಈದ್ ದಿನ ಹೆಣ್ಣುಮಕ್ಕಳು ದಫ್ ಬಾರಿಸುತ್ತಿದ್ದಾಗ ಪ್ರವಾದಿಯವರು (ಸ) ತಡೆಯಲಿಲ್ಲವೆಂಬ ಹದೀಸನ್ನು ಒಬ್ಬರು ಮುಂದಿಡುತ್ತಾರೆ. ವಾದ್ಯಗಳೇ ಸಲ್ಲವೆಂದು ಇನ್ನೊಬ್ಬರು ಬೇರೆ ಆಧಾರ ಕೊಡುತ್ತಾರೆ. ಇಮಾಮ್ ಗಝಾಲಿಯವರು ‘ಇಹ್ಯಾ ಉಲೂಮುದ್ದೀನ್’ನಲ್ಲಿ ಈ ವಿಷಯಕ್ಕೇ ಒಂದು ಭಾಗವನ್ನು ಮೀಸಲಿಟ್ಟು, ಷರತ್ತುಗಳೊಂದಿಗೆ ಕೆಲವನ್ನು ಒಪ್ಪಿ ಕೆಲವನ್ನು ಬಿಟ್ಟಿದ್ದಾರೆ. ಆ ಚರ್ಚೆಗೆ ನಾವು ತೀರ್ಪು ಕೊಡುವವರಲ್ಲ. ನಮಗೆ ಕಂಡದ್ದು ಇಷ್ಟು: ಒಪ್ಪದ ಮಗ ಚಳಿಯಲ್ಲಿ ಕೆಳಗೆ ಕಾದು, ಮೇಲೆ ಬಂದು, ಡಗ್ಗಾವನ್ನು ಸೀರೆಯ ತುಂಡಿನಲ್ಲಿ ಜೋಪಾನವಾಗಿ ಸುತ್ತಿ, ಎದೆಗೆ ಅವಚಿಕೊಂಡು ಮೆಟ್ಟಿಲು ಇಳಿದ.

ಹೊರಡುವ ಮುಂಚೆ ಅಜ್ಜ ಒಂದು ಮಾತು ಕೇಳಿದರು. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಸರಕಾರದ ಮಾಸಾಶನವಿದೆಯಲ್ಲ, ಅದಕ್ಕೆ ಅರ್ಜಿ ಹಾಕಿದ್ದರಂತೆ. ಕಚೇರಿಯೊಂದರಲ್ಲಿ ‘ನೀವು ನುಡಿಸಿದ್ದಕ್ಕೆ ಪುರಾವೆ ತನ್ನಿ’ ಎಂದರಂತೆ. ನಾಟಕದ ಹ್ಯಾಂಡ್‌ಬಿಲ್ಲು, ಕ್ಯಾಸೆಟ್ಟಿನ ಹೊದಿಕೆ, ಪತ್ರಿಕೆಯ ತುಣುಕು, ಸನ್ಮಾನದ ಪತ್ರ, ಯಾವುದರಲ್ಲಾದರೂ ಹೆಸರು ಇರಬೇಕು. ‘ನನ್ನ ಹೆಸರು ಯಾವುದರಾಗೂ ಇಲ್ರಿ. ನೀವು ಓದಿದವರು, ಎಲ್ಲೆರ ಸಿಕ್ಕರ ನೋಡ್ರಿ’ ಎಂದರು. 2020ರ ಲಾಕ್‌ಡೌನಿನಲ್ಲಿ ಜಾತ್ರೆ ಇಲ್ಲ, ನಾಟಕ ಇಲ್ಲ, ಮದುವೆಯ ಆರ್ಕೆಸ್ಟ್ರಾ ಇಲ್ಲ. ಅದಾದ ಮೇಲೆ ಕಂಪನಿಗಳು ಮತ್ತೆ ಎದ್ದವು, ಆದರೆ ಹಲವು ಕಡೆ ತಬಲಾದ ಜಾಗಕ್ಕೆ ರಿದಂ ಪ್ಯಾಡು ಬಂದು ಕುಳಿತಿದೆ.

ಸಾಥಿಯವರ ಹೆಸರು ಉಳಿದದ್ದೇ ಇಲ್ಲವೆಂದಲ್ಲ. ನಮ್ಮ ಬೀಳಗಿಯಿಂದ ಹೋದ ಅಕ್ಕತಂಗಿಯರಲ್ಲಿ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಗೋಹರಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಜೊತೆ ಬಾಳಿದರು. ಅದೇ ಬಾಲಗಂಧರ್ವರ ಕಂಪನಿಯಲ್ಲಿ ಬಹುಕಾಲ ತಬಲಾ ನುಡಿಸಿದವರು ಉಸ್ತಾದ್ ಅಹ್ಮದ್ ಜಾನ್ ಥಿರಕವಾ. ಅವರಿಗೆ 1970ರಲ್ಲಿ ಪದ್ಮಭೂಷಣ ಬಂತು. ನಾಟಕದ ತಗ್ಗಿನಿಂದ ಎದ್ದು ಬಂದು ಏಕವ್ಯಕ್ತಿ ವಾದನದಲ್ಲಿ ಹೆಸರು ಮಾಡಿದ್ದರಿಂದ ಅದು ಸಾಧ್ಯವಾಯಿತು. ತಗ್ಗಿನಲ್ಲೇ ಉಳಿದವರ ಮಾತು ಬೇರೆ.

ಇದು ನಮ್ಮ ಸೀಮೆಯ ರೋಗ ಮಾತ್ರವೂ ಅಲ್ಲ. ಅಮೆರಿಕದ ಡೆಟ್ರಾಯಿಟ್ ಪಟ್ಟಣದ ಮೋಟೌನ್ ಎಂಬ ಸಂಗೀತ ಕಂಪನಿಯಲ್ಲಿ ಜೇಮ್ಸ್ ಜೇಮರ್ಸನ್ ಎಂಬ ಕಪ್ಪು ಜನಾಂಗದ ಬೇಸ್ ವಾದಕರಿದ್ದರು. 1960ರ ದಶಕದಲ್ಲಿ ಜಗತ್ತು ಕುಣಿದ ಎಷ್ಟೋ ಹಾಡುಗಳ ಮಂದ್ರ ನಾದ ಅವರ ಬೆರಳಿನದು. ತಟ್ಟೆಗಳ ಮೇಲೆ ಅವರ ಹೆಸರು ಇರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ಆಲ್ಬಮಿನ ಹೊದಿಕೆಯಲ್ಲಿ ಅದು ಕಾಣಿಸಿಕೊಂಡಿತು. 1983ರಲ್ಲಿ ಆ ಕಂಪನಿಯ ಇಪ್ಪತ್ತೈದನೆಯ ವರ್ಷದ ಸಂಭ್ರಮ ನಡೆದಾಗ ಜೇಮರ್ಸನ್ ಹೊರಗೆ ಟಿಕೆಟ್ಟು ಕೊಂಡು ಒಳಗೆ ಹೋಗಿ ನೋಡಬೇಕಾಯಿತು. ಅದೇ ವರ್ಷ ತೀರಿಕೊಂಡರು. ದೊಡ್ಡ ಗೌರವ ಸಂದದ್ದು 2000ದಲ್ಲಿ, ಸತ್ತು ಹದಿನೇಳು ವರ್ಷಗಳ ಮೇಲೆ. ಡೆಟ್ರಾಯಿಟ್ ಇರಲಿ, ಇಳಕಲ್ ಇರಲಿ, ಮಂದ್ರದಲ್ಲಿ ನುಡಿಸುವವರ ಪಾಡು ಒಂದೇ.

ನಾವು ಪುರಾವೆ ಹುಡುಕಲು ಹೊರಟೆವು. ಹುನಗುಂದದಲ್ಲಿ ಹಿಂದೆ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದವರೊಬ್ಬರು ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಅಟ್ಟದ ಮೇಲಿನ ಎರಡು ಪೆಟ್ಟಿಗೆ ಇಳಿಸಿಕೊಟ್ಟರು. ಧೂಳು ಒರೆಸಿ ಒಂದೊಂದೇ ಹೊದಿಕೆ ಓದಿದೆವು. ಗಾಯಕರು, ರಚನೆ, ನಿರ್ಮಾಣ, ಹಕ್ಕುಗಳು, ಬೆಲೆ. ವಾದ್ಯದವರ ಜಾಗದಲ್ಲಿ ಹೆಚ್ಚೆಂದರೆ ‘ಮತ್ತು ಸಂಗಡಿಗರು’. ಹಾಗೆ ಎಷ್ಟು ಸಂಗಡಿಗರು ಆ ಪೆಟ್ಟಿಗೆಗಳಲ್ಲಿ ಮಲಗಿದ್ದಾರೋ. ಆರು ಕ್ಯಾಸೆಟ್ಟು ಆರಿಸಿ ತಂದೆವು.

ಬಾದಾಮಿಯಲ್ಲಿ ಹಳೆಯ ನಾಟಕಗಳ ಹ್ಯಾಂಡ್‌ಬಿಲ್ಲು ಕೂಡಿಸಿಟ್ಟ ಒಬ್ಬರು ಸಿಕ್ಕರು. ಗುಲಾಬಿ, ಹಳದಿ ಕಾಗದಗಳು. ನಾಯಕ, ನಾಯಕಿ, ಹಾಸ್ಯದವನ ಹೆಸರು ದಪ್ಪ ಅಕ್ಷರದಲ್ಲಿ. ಕೆಲವದರಲ್ಲಿ ಪೇಟಿ ಮಾಸ್ತರರ ಹೆಸರು ಸಣ್ಣದಾಗಿ. ತಬಲಾದವರದು ಇಲ್ಲ. ಬರಿಗೈಯಲ್ಲಿ ಹೊರಬಂದು, ಬಸ್ಸಿಗೆ ಹೊತ್ತಿದೆಯೆಂದು ಗುಹೆಗಳ ಕಡೆ ಹೋದೆವು. ಬುಡದ ಹಳೆಯ ಮಸೀದಿ ದಾಟಿ ಮೊದಲನೆಯ ಗುಹೆಯ ಮುಂದೆ ನಿಂತರೆ ಹದಿನೆಂಟು ಕೈಗಳ ನಟರಾಜ. ಶಾಲೆಯ ಪ್ರವಾಸದಿಂದ ಹಿಡಿದು ಎಷ್ಟು ಸಲ ನೋಡಿದ್ದೇವೋ. ಕೈ ಎಣಿಸುವುದು, ಯಾವ ಎರಡು ಕೈ ಸೇರಿಸಿದರೆ ಯಾವ ಭಂಗಿ ಎಂದು ಗೈಡು ಹೇಳುವುದು, ಫೋಟೋ ತೆಗೆಯುವುದು. ಆ ದಿನ ಮಾತ್ರ ಕುಣಿಯುವವನ ಕಾಲಿನ ಪಕ್ಕಕ್ಕೆ ಕಣ್ಣು ಹೋಯಿತು. ಅಲ್ಲಿ ಒಬ್ಬ ವಾದಕ ಕುಳಿತು ಚರ್ಮವಾದ್ಯ ನುಡಿಸುತ್ತಿದ್ದಾನೆ. ಆರನೆಯ ಶತಮಾನದ ಆ ಶಿಲ್ಪಿಗೆ ತಾಳವಿಲ್ಲದೆ ಕುಣಿತವಿಲ್ಲ ಎಂಬುದು ಗೊತ್ತಿತ್ತು. ಅವನು ಕುಣಿಯುವವನ ಜೊತೆಗೆ ನುಡಿಸುವವನನ್ನೂ ಕಲ್ಲಿನಲ್ಲಿ ಇಟ್ಟ. ನಮ್ಮ ಕ್ಯಾಸೆಟ್ಟಿನವರಿಗೆ ಒಂದು ಸಾಲು ಅಚ್ಚು ಹಾಕಲು ಆಗಲಿಲ್ಲ.

ಮುಂದಿನ ರವಿವಾರ ಆರು ಕ್ಯಾಸೆಟ್ಟುಗಳನ್ನೂ, ಹಳೆಯ ಟೇಪ್‌ರೆಕಾರ್ಡರನ್ನೂ ಹಿಡಿದು ಅಜ್ಜನ ಮನೆಗೆ ಹೋದೆವು. ಅದರಲ್ಲಿ ಒಂದು, ಗೆಳೆಯನ ತಂದೆ ಬೆಳಗಿನಲ್ಲಿ ಕೇಳುತ್ತಿದ್ದ ಅದೇ ಶರೀಫರ ಪದಗಳ ಕ್ಯಾಸೆಟ್ಟು. ಇದು ಇವರದೇ ಕೈ ಆಗಿರಲಿ ಎಂದು ನಮ್ಮ ಮನಸ್ಸು ಬೇಡುತ್ತಿತ್ತು. ಹಾಕಿದೆವು. ಅಜ್ಜ ಎರಡು ಆವರ್ತನೆಯೂ ಕೇಳಲಿಲ್ಲ. ‘ನಂದಲ್ರಿ. ಇದು ಬ್ಯಾರೇವ್ರ ಕೈ. ಛಲೋ ಕೈ’ ಎಂದರು. ‘ಇದು ಬಹಳ ಪ್ರಸಿದ್ಧ ಕ್ಯಾಸೆಟ್ಟು, ನಿಮ್ಮದೇ ಅಂತ ಬರೆದರೆ ಯಾರು ಕೇಳುತ್ತಾರೆ?’ ಎಂದು ನಮ್ಮಲ್ಲೊಬ್ಬರು ಅಂದೇಬಿಟ್ಟರು. ಅಜ್ಜ ಸಿಟ್ಟಾಗಲಿಲ್ಲ. ‘ನನ್ನ ಹೆಸರು ತಿಂದಾರ ಅಂತ ನಾನು ತಿರಗಾಕ ಹತ್ತೇನಿ. ನಾನು ಇನ್ನೊಬ್ಬಾಂವಂದು ತಿನ್ನಬೇಕೇನು?’ ಎಂದರು. ಟೇಪು ತಿರುಗುತ್ತಲೇ ಇತ್ತು. ನಾವು ತಲೆ ಎತ್ತಲಿಲ್ಲ.

ನಾಲ್ಕು ಕ್ಯಾಸೆಟ್ಟು ಹೀಗೇ ಬದಿಗೆ ಹೋದವು. ಐದನೆಯದು ಯಾರೂ ನೆನಪಿಡದ ಒಂದು ಭಜನೆಯ ಕ್ಯಾಸೆಟ್ಟು. ಮೂರನೆಯ ಪದ ಬಂದಾಗ ಕೈ ಎತ್ತಿ ನಿಲ್ಲಿಸಿದರು. ‘ಇಲ್ಲಿ ಕೇಳ್ರಿ, ಡಗ್ಗಾ ಇಳದೈತಿ. ಅವತ್ತ ಮಳಿ. ಥಂಡಿಗೆ ಚರ್ಮ ಸಡ್ಲಾತು. ನಿಲ್ಲಸ್ರಿ, ಕಟ್ಕೋತೀನಿ ಅಂದೆ. ಹೊತ್ತಿಲ್ಲ ಅಂದ್ರು. ಮುಂದಿಂದೆಲ್ಲಾ ಅಂಗೈ ಒತ್ತಿ ಮ್ಯಾಲ ಎತ್ತೇನಿ ನೋಡ್ರಿ.’ ಮತ್ತೆ ಹಾಕಿದೆವು. ನಿಜ, ನಾದ ಒಂದು ಕೂದಲೆಳೆ ಕೆಳಗೆ ಕೂತು, ಪ್ರತಿ ಸಲ ಒತ್ತಡದಿಂದ ಮೇಲೇಳುತ್ತಿತ್ತು. ಹೇಳದಿದ್ದರೆ ನಮಗೆ ಸಾಯುವತನಕ ಕೇಳುತ್ತಿರಲಿಲ್ಲ. ಇಡೀ ಜೀವಮಾನದ ದುಡಿಮೆಯಲ್ಲಿ ಅವರು ತಮ್ಮದೆಂದು ಗುರುತು ಹಿಡಿದದ್ದು ಆ ಒಂದು ಕೊರತೆಯನ್ನು.

ಆದರೆ ಕಚೇರಿಗೆ ಕಿವಿಯಿಲ್ಲ, ಕಾಗದವಷ್ಟೇ ಬೇಕು. ಏನು ಮಾಡುವುದೆಂದು ಯೋಚಿಸುತ್ತ ಕುಳಿತಾಗ ನಮಗೆ ಹೊಳೆದದ್ದು ನಮ್ಮ ದೀನಿನ ಸಾಮಾನ್ಯ ಪಾಠ. ಕಂಡದ್ದನ್ನು ಹೇಳಬೇಕು, ಸಾಕ್ಷ್ಯವನ್ನು ಮುಚ್ಚಿಡಬಾರದು ಎಂದು ಕುರ್‌ಆನ್ ಒತ್ತಿ ಹೇಳುತ್ತದೆ. ಸಾಲದ ಪತ್ರಕ್ಕೆ ಸಾಕ್ಷಿ ಬೇಕು, ನಿಕಾಹಿಗೆ ಸಾಕ್ಷಿ ಬೇಕು. ಒಬ್ಬ ಮನುಷ್ಯನ ದುಡಿಮೆಗೆ ಕೇಳಿದವರೇ ಸಾಕ್ಷಿ ಅಲ್ಲವೇ? ನಾವು ನಾಲ್ವರೂ ಒಂದೊಂದು ಹಾಳೆ ಬರೆದೆವು. ಕೇಳಿದ್ದನ್ನು ಮಾತ್ರ ಬರೆದೆವು, ಒಂದಕ್ಷರ ಹೆಚ್ಚಿಲ್ಲ. ಭಜನಾ ಮಂಡಳಿಯ ಹಿರಿಯರು, ಲಿಂಗಾಯತರು, ತಮ್ಮ ಹಾಳೆಯಲ್ಲಿ ಇಪ್ಪತ್ತು ವರ್ಷಗಳ ಶ್ರಾವಣ ಮಾಸದ ಭಜನೆಗಳನ್ನು ನೆನೆದರು. ಹಾಡುವ ಹುಡುಗನೂ ಬರೆದ. ತನ್ನ ತಪ್ಪು ಮುಚ್ಚಿಕೊಂಡ ಕೈ ಎಂದು ಅವನು ಬರೆದದ್ದನ್ನು ಓದಿ ಅಜ್ಜ, ‘ಅದೊಂದು ತಗೀಪಾ, ಹುಡುಗಂದು ಯಾಕ ಬಯಲು ಮಾಡ್ತಿ’ ಎಂದರು.

ಮಗ ಬಾಗಿಲಲ್ಲಿ ನಿಂತಿದ್ದ. ಒಂದು ಹಾಳೆ ಕೇಳಿದ. ‘ನಾನು ಸಂಗೀತ ಕೇಳಂಗಿಲ್ರಿ. ಅಪ್ಪ ಬಿಡಬೇಕು ಅಂತ ಇವತ್ತೂ ಹೇಳತೇನಿ. ಆದರ ಅಪ್ಪ ನುಡಿಸಿ ನಮ್ಮನ್ನ ಬೆಳಸ್ಯಾನ, ಅದು ಖರೆ. ಖರೇದಕ್ಕ ಸಹಿ ಮಾಡ್ತೇನಿ’ ಎಂದು ಬರೆದುಕೊಟ್ಟ. ಮಗನ ಸಾಕ್ಷಿ ಕಚೇರಿಯಲ್ಲಿ ನಡೆಯುವುದಿಲ್ಲ ಎಂದು ನಮಗೆ ಗೊತ್ತಿತ್ತು. ಆದರೂ ಆ ಹಾಳೆಯನ್ನು ತೆಗೆಯಲಿಲ್ಲ, ಎಲ್ಲಕ್ಕೂ ಮೇಲೆ ಇಟ್ಟು ಪಿನ್ನು ಹಾಕಿದೆವು.

ಅರ್ಜಿ ಬಾಗಲಕೋಟೆಗೆ ಹೋಗಿದೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಪತ್ರಿಕೆಯಲ್ಲಿ ಹೆಸರು ಬಂದರೆ ಅದೇ ಪುರಾವೆ ಆಗುತ್ತದೆ, ಬರೆಯುತ್ತೇವೆ ಎಂದೆವು. ಅಜ್ಜ ಒಪ್ಪಲಿಲ್ಲ. ‘ನನ್ನ ಒಬ್ಬಾಂವಂದ ಹಾಕಿದ್ರ ನನ್ನ ಕೂಡ ಕೂತವರು ಏನಂದಾರು? ಅವರು ಸತ್ತಾರ. ಹಾಕೋದಿದ್ರ ಎಲ್ಲಾರದೂ ಹಾಕ್ರಿ’ ಎಂದರು. ಎಲ್ಲರ ಹೆಸರನ್ನು ನಾವು ಎಲ್ಲಿಂದ ತರೋಣ?

ಅದಕ್ಕೇ ಈ ಬರಹ. ನಿಮ್ಮ ಊರಿನಲ್ಲೂ ಮೊಹರಮ್ಮಿನ ರಿವಾಯತಿಗೆ, ಭಜನೆಗೆ, ನಾಟಕಕ್ಕೆ ಕೈ ಕೊಟ್ಟ ಇಂಥವರು ಒಬ್ಬಿಬ್ಬರು ಇರುತ್ತಾರೆ. ಮಸೀದಿಯ ಕೊನೆಯ ಸಾಲಿನಲ್ಲಿರಬಹುದು, ಗುಡಿಯ ಕಟ್ಟೆಯ ಮೇಲಿರಬಹುದು. ಹೋಗಿ ಹೆಸರು ಕೇಳಿ, ಯಾವ ವರ್ಷ, ಯಾವ ಕಂಪನಿ ಎಂದು ಕೇಳಿ, ಒಂದು ಹಾಳೆಯಲ್ಲಿ ಬರೆದು ಕೆಳಗೆ ನಿಮ್ಮ ಸಹಿ ಹಾಕಿ. ಸಂಗೀತ ನಿಮಗೆ ಒಪ್ಪಿಗೆಯಾಗಲಿ, ಆಗದಿರಲಿ. ನಮ್ಮ ಅಜ್ಜನ ಮಗ ಹಾಕಿದಂತೆ, ಖರೇದಕ್ಕೆ ಹಾಕಿ.